ಎಡಕ್ಕೆ ಆನಂದ್, ಬಲಕ್ಕೆ ಪ್ರಕಾಶ್

ಆನಂದ್ ಎಂಬ ಹೆಸರು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆ ಹೆಸರಿನ ಒಳ್ಳೆಯವರು ಊರಲ್ಲಿ ನೂರು ಜನ ಇದ್ದಾರು, ಅವರೆಲ್ಲ ಕ್ಷಮಿಸಬೇಕು. ನಾನು ಹೇಳುತ್ತಿರುವುದು ಭದ್ರಾವತಿಯ ಒಂದು ಸಣ್ಣ ಫೌಂಡ್ರಿಯಲ್ಲಿ ಬಂಗಾರಪ್ಪನವರ ಪಕ್ಕ ನಿಂತು ಹನ್ನೊಂದು ವರ್ಷ ದುಡಿದ, ಅವರ ಬುತ್ತಿಯಲ್ಲಿ ಪಾಲು ತಿಂದ, ಅವರಿಂದಲೇ ಕೆಲಸ ಕಲಿತ ಆನಂದನ ವಿಷಯ. ಆದರೆ ಈ ಬರಹ ಅವನದಲ್ಲ. ಅಷ್ಟು ಮರ್ಯಾದೆ ಅವನಿಗೆ ಕೊಡಲು ನನಗೆ ಮನಸ್ಸಿಲ್ಲ. ಇದು ಬಂಗಾರಪ್ಪನವರ ಕಥೆ. ಅವರ ಬಗ್ಗೆ ಬೇರೆ ಯಾರೂ ಬರೆಯುವುದಿಲ್ಲ ಎಂದು ಗೊತ್ತಿರುವುದರಿಂದ ನಾನು ಬರೆಯುತ್ತಿದ್ದೇನೆ.

ಬಂಗಾರಪ್ಪನವರಿಗೆ ಈಗ ಐವತ್ಮೂರು. ಅವರ ತಂದೆ ಊರಿನ ದೊಡ್ಡ ಕಾರ್ಖಾನೆಯೊಂದರಲ್ಲಿ ಕೂಲಿಯಾಗಿದ್ದವರು. ಮಗನಿಗೂ ಅಲ್ಲೇ ಕಾಯಂ ನೌಕರಿ ಸಿಗುತ್ತದೆ ಎಂದು ಮನೆಯವರೆಲ್ಲ ಕಾದರು. ಸಿಗಲಿಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಗುತ್ತಿಗೆ ಆಳಾಗಿ ಫೌಂಡ್ರಿ ಸೇರಿದರು. ಅಲ್ಲಿಂದ ಮೂವತ್ನಾಲ್ಕು ವರ್ಷ ಒಂದೇ ಕೆಲಸ. ಅಚ್ಚಿನಿಂದ ಹೊರಗೆ ಬಂದ ಎರಕದ ಮೇಲೆ ಸುಟ್ಟ ಮರಳು ಅಂಟಿಕೊಂಡಿರುತ್ತದೆ, ಅಂಚುಗಳಲ್ಲಿ ಕಬ್ಬಿಣದ ಮುಳ್ಳು ಎದ್ದಿರುತ್ತದೆ. ಅದನ್ನು ಉಳಿಯಿಂದ ಕೆತ್ತಿ, ಗ್ರೈಂಡಿಂಗ್ ಮಷೀನಿನಲ್ಲಿ ಉಜ್ಜಿ ನುಣುಪು ಮಾಡುವುದು. ಕೆಲಸ ಮುಗಿಸಿ ಬಂದಾಗ ರೆಪ್ಪೆಯ ಕೂದಲಿನ ಮೇಲೂ ಧೂಳು ಕೂತಿರುತ್ತಿತ್ತಂತೆ. 'ಮದುವೆಯಾದ ಹೊಸದರಲ್ಲಿ ಇವರ ನಿಜವಾದ ಬಣ್ಣ ನಾನು ನೋಡಿದ್ದು ಭಾನುವಾರ ಮಾತ್ರ' ಎಂದು ಅವರ ಹೆಂಡತಿ ಪದ್ಮಮ್ಮ ತಮಾಷೆ ಮಾಡುತ್ತಾರೆ.

ಆ ಕೆಲಸದಲ್ಲಿ ಒಂದು ವಿಚಿತ್ರ ಅಭ್ಯಾಸವಿದೆ. ಪ್ರತಿ ಎರಕದ ಮೇಲೂ ಸೀಮೆಸುಣ್ಣದಲ್ಲಿ ನಾಲ್ಕಂಕಿಯ ಒಂದು ಸಂಖ್ಯೆ ಬರೆದಿರುತ್ತಾರೆ, ಅದು ಯಾವ ದಿನ ಕಾಯಿಸಿದ ಕಬ್ಬಿಣ ಎಂದು ತಿಳಿಯಲಿಕ್ಕೆ. ಉಜ್ಜುವಾಗ ಸಂಖ್ಯೆ ಅಳಿಸಿಹೋಗುತ್ತದೆ. ಹಾಗಾಗಿ ಉಜ್ಜುವವನು ಅದನ್ನು ತಲೆಯಲ್ಲಿಟ್ಟುಕೊಂಡು, ಕೆಲಸ ಮುಗಿದ ಮೇಲೆ ಮತ್ತೆ ಬರೆಯಬೇಕು. ದಿನಕ್ಕೆ ನಲವತ್ತು ಐವತ್ತು ಎರಕ. ವರ್ಷಗಟ್ಟಲೆ ಹೀಗೆ ಮಾಡಿದವರ ತಲೆಗೆ ನಾಲ್ಕಂಕಿ ಹೊಕ್ಕರೆ ಬೇಗ ಹೊರಗೆ ಬರುವುದಿಲ್ಲ. ಬಂಗಾರಪ್ಪನವರು ತಮ್ಮ ಮಗಳು ಹುಟ್ಟಿದ ದಿನ ಉಜ್ಜಿದ ಎರಕದ ಸಂಖ್ಯೆಯನ್ನು ಇವತ್ತೂ ಹೇಳುತ್ತಾರೆ. ಇದೆಲ್ಲ ನನಗೆ ಗೊತ್ತಾಗಿದ್ದು ತಡವಾಗಿ.

ಇನ್ನೊಂದು ಅಭ್ಯಾಸ ಅವರದೇ. ಒಬ್ಬರೇ ಕೂರಲಾರರು. ಮದುವೆ ಮನೆಯಲ್ಲಿ ಪಂಕ್ತಿಗೆ ಕೂರುವಾಗ ಎಡಕ್ಕೂ ಬಲಕ್ಕೂ ತಮ್ಮವರು ಸಿಗುವ ತನಕ ಎಲೆಯ ಮುಂದೆ ನಿಂತೇ ಇರುತ್ತಾರೆ. ಬಡಿಸುವವರು ಬೈದರೂ ಸರಿಯೇ. 'ಎರಡೂ ಕಡೆ ನಮ್ಮೋರ್ ಇರ್ಬೇಕು ಮೇಡಂ, ಇಲ್ಲಾಂದ್ರೆ ಅನ್ನ ಗಂಟ್ಲಲ್ಲಿ ಇಳಿಯಲ್ಲ' ಎಂದು ನನಗೇ ಹೇಳಿದ್ದರು. ಫೌಂಡ್ರಿಯಲ್ಲಿ ಅವರ ಎಡಕ್ಕೆ ಆನಂದ್ ಇರುತ್ತಿದ್ದ. ಆನಂದನ ತಂಗಿಗೆ ಗಂಡು ಹುಡುಕಿ ಕೊಟ್ಟವರೂ ಬಂಗಾರಪ್ಪನವರೇ. ನಾಲ್ಕು ಸಲ ಹುಡುಗನ ಮನೆಗೆ ಓಡಾಡಿ ಮಾತುಕತೆ ಮುಗಿಸಿದರು. ಆ ಹುಡುಗನೇ ಪ್ರಕಾಶ್. ಮದುವೆಯಾದ ಮೇಲೆ ಅವನಿಗೆ ಕೆಲಸ ಇಲ್ಲವೆಂದಾಗ ಗುತ್ತಿಗೆದಾರರ ಕೈಕಾಲು ಹಿಡಿದು ತಮ್ಮ ಬಲಕ್ಕೇ ತಂದು ನಿಲ್ಲಿಸಿಕೊಂಡರು. ಎಡಕ್ಕೆ ಆನಂದ್, ಬಲಕ್ಕೆ ಪ್ರಕಾಶ್, ನಡುವೆ ಇವರು. ಅದಕ್ಕಿಂತ ಹೆಚ್ಚಿನದನ್ನು ಅವರು ಬಾಳಿನಲ್ಲಿ ಬಯಸಿದಂತೆ ನನಗೆ ಕಾಣಲಿಲ್ಲ.

ಇವರ ಮಗಳು ಕವನ ಶಿವಮೊಗ್ಗದಲ್ಲಿ ನನ್ನ ವಿದ್ಯಾರ್ಥಿನಿ. ನಾನು ಮೇಧಾ, ಡಿಗ್ರಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ನನಗೆ ಹುಚ್ಚು ಹಿಡಿಸಿದ ವಿಷಯ ಒಂದಿದೆ. ಒಬ್ಬರನ್ನೊಬ್ಬರು ನಂಬದ ಜನ, ತಂತಮ್ಮ ಗುಟ್ಟನ್ನು ಯಾರಿಗೂ ಬಿಟ್ಟುಕೊಡದೆ, ಎಲ್ಲರ ಗುಟ್ಟೂ ಸೇರಿದ ಒಂದು ಉತ್ತರವನ್ನು ಕೂಡಿ ಕಂಡುಹಿಡಿಯುವುದು ಹೇಗೆ ಎಂಬುದು. ದೊಡ್ಡ ಊರುಗಳಲ್ಲಿ ಬ್ಯಾಂಕಿನವರು, ಆಸ್ಪತ್ರೆಯವರು ಇದನ್ನು ಕಂಪ್ಯೂಟರಿನಲ್ಲಿ ಮಾಡುತ್ತಾರೆ. ನಾನು ತರಗತಿಯಲ್ಲಿ ಚೀಟಿ ಹಂಚಿ ತೋರಿಸುತ್ತೇನೆ. ಒಂದು ದಿನ ಅಂಥ ಪಾಠ ಮುಗಿದ ಮೇಲೆ ಕವನ ಬಂದು ನಿಂತಳು.

"ಮ್ಯಾಮ್, ಇದನ್ನ ಉಸಿರಿನ ವಿಷಯಕ್ಕೂ ಮಾಡ್ಬೋದಾ?"

ಅವಳ ಅಪ್ಪ ಕೆಮ್ಮು ಬಂದಾಗ ಮರಳಿನ ರಾಶಿಯ ಹಿಂದೆ ಹೋಗಿ ಕೆಮ್ಮಿ ಬರುತ್ತಿದ್ದರು. ಮನೆಯಲ್ಲಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೆಮ್ಮುತ್ತಿದ್ದರು. ಉಜ್ಜುವ ವಿಭಾಗದ ಏಳೂ ಜನರಿಗೆ ಒಂದಲ್ಲ ಒಂದು ತೊಂದರೆ ಇತ್ತು. ಧೂಳು ಎಳೆದುಕೊಳ್ಳುವ ಫ್ಯಾನು ಹಾಕಿಸಿ ಎಂದು ಕೇಳಿದರೆ ಮಾಲೀಕರು, 'ಯಾರಿಗೆ ಏನಾಗಿದೆ, ಹೆಸರು ಹೇಳಿ' ಎನ್ನುತ್ತಿದ್ದರು. ಎರಡು ವರ್ಷದ ಹಿಂದೆ ಉಜ್ಜುವವನೊಬ್ಬ ಡಾಕ್ಟರ ಕಾಗದ ಹಿಡಿದು ತನ್ನ ಹೆಸರು ಹೇಳಿಕೊಂಡ. ಮರುದಿನ ಗುತ್ತಿಗೆದಾರ ಷಡಕ್ಷರಪ್ಪ ಅವನನ್ನು ಗೇಟಿನಲ್ಲೇ ತಡೆದು ಮನೆಯಲ್ಲಿ ಸುಧಾರಿಸಿಕೊಳ್ಳಲು ಹೇಳಿದರು. ಅವನು ಈಗಲೂ ಸುಧಾರಿಸಿಕೊಳ್ಳುತ್ತಲೇ ಇದ್ದಾನೆ.

ಬಂಗಾರಪ್ಪನವರಿಗಂತೂ ಕೆಲಸ ಬಿಡುವ ಹಾಗೇ ಇರಲಿಲ್ಲ. ಇಪ್ಪತ್ತೈದು ವರ್ಷ ದುಡಿದ ಮೇಲಷ್ಟೇ ಅವರ ಹೆಸರನ್ನು ಪಿ.ಎಫ್.ಗೆ ಸೇರಿಸಿದ್ದರು. ಹತ್ತು ವರ್ಷ ತುಂಬಿದರೆ ಪಿಂಚಣಿ, ಇಲ್ಲದಿದ್ದರೆ ಇಲ್ಲ. ಹತ್ತು ತುಂಬಲು ಇನ್ನು ಒಂದು ವರ್ಷ ಮೇಲೆ ಸ್ವಲ್ಪ ಬಾಕಿ. ಅಲ್ಲಿಯವರೆಗೆ ತಮ್ಮ ಉಸಿರಿನ ಸ್ಥಿತಿ ಯಾರಿಗೂ ತಿಳಿಯಬಾರದು. ಅವರಿಗೆ ಇದ್ದ ಚಿಂತೆ ಅದೊಂದೇ.

ಏಳು ಜನರ ನಡುವೆಯೂ ನಂಬಿಕೆ ಅಷ್ಟಕ್ಕಷ್ಟೇ. ಅವರಲ್ಲೊಬ್ಬ ಷಡಕ್ಷರಪ್ಪನವರ ಷಡ್ಡಕ. ಇನ್ನಿಬ್ಬರಿಗೆ ಮೂರು ವರ್ಷದಿಂದ ಮಾತಿಲ್ಲ. ಇಂಥ ಗುಂಪೇ ನನಗೆ ಬೇಕಾಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಪುಸ್ತಕದಲ್ಲಿ 'ಪರಸ್ಪರ ನಂಬದ ಪಕ್ಷಗಳು' ಎಂದು ಬರೆದಿರುತ್ತಾರಲ್ಲ, ಅವರು ಕಬ್ಬಿಣದ ಧೂಳು ಮೆತ್ತಿಕೊಂಡು ನನ್ನ ಮುಂದೆ ನಿಂತಿದ್ದರು.

ಶಿವಮೊಗ್ಗದ ನವುಲೆಯಲ್ಲಿ ಎದೆರೋಗದ ಸಣ್ಣ ಕ್ಲಿನಿಕ್ ಇಟ್ಟಿರುವ ಡಾಕ್ಟರ್ ಸುಘೋಷ ನನಗೆ ಪರಿಚಯ. ಜನವರಿಯ ಒಂದು ಭಾನುವಾರ ಅವರು ಉಸಿರು ಊದಿಸಿ ಅಳೆಯುವ ಯಂತ್ರ ತೆಗೆದುಕೊಂಡು ಭದ್ರಾವತಿಗೆ ಬಂದರು. ಬಂಗಾರಪ್ಪನವರ ಬೀದಿಯ ಶಾಲೆಯ ಜಗಲಿಯಲ್ಲಿ ಸೇರಿದ್ದೆವು. ಒಬ್ಬೊಬ್ಬರನ್ನೇ ಕೋಣೆಗೆ ಕರೆದು ಊದಿಸಿ, ನೂರಕ್ಕೆ ಎಷ್ಟು ಎಂದು ಚೀಟಿಯಲ್ಲಿ ಬರೆದು ಅವರವರ ಕೈಗೇ ಕೊಟ್ಟರು. ತಮ್ಮ ಹತ್ತಿರ ಏನೂ ಇಟ್ಟುಕೊಳ್ಳಲಿಲ್ಲ. ಯಂತ್ರದಲ್ಲಿದ್ದದ್ದನ್ನು ಎಲ್ಲರೆದುರೇ ಅಳಿಸಿದರು. ಬಂಗಾರಪ್ಪನವರು ಹೊರಗೆ ಬಂದು ಚೀಟಿ ನೋಡಿ, ಅದನ್ನು ನಾಲ್ಕು ಮಡಿಕೆ ಮಾಡಿ, ಎಲೆ ಅಡಿಕೆಯ ಜೊತೆ ಬಾಯಿಗೆ ಹಾಕಿಕೊಂಡು ಅಗಿದುಬಿಟ್ಟರು. ಎಲ್ಲರೂ ನಕ್ಕರು. ಅದರಲ್ಲಿ ಮೂವತ್ತೆಂಟು ಎಂದಿತ್ತು ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಆಮೇಲೆ ನನ್ನ ಆಟ. ಏಳು ಜನ ದುಂಡಗೆ ಕೂರಬೇಕು. ಮೊದಲನೆಯವನು ಮನಸ್ಸಿನಲ್ಲಿ ಒಂದು ದೊಡ್ಡ ಸಂಖ್ಯೆ ನೆನೆದುಕೊಂಡು, ಅದಕ್ಕೆ ತನ್ನ ಉಸಿರಿನ ಅಂಕಿ ಸೇರಿಸಿ, ಬಂದ ಮೊತ್ತವನ್ನು ಚೀಟಿಯಲ್ಲಿ ಬರೆದು ಪಕ್ಕದವನಿಗೆ ಕೊಡಬೇಕು. ಅವನು ಅದಕ್ಕೆ ತನ್ನದನ್ನು ಸೇರಿಸಿ ಹೊಸ ಚೀಟಿ ಬರೆದು ಮುಂದಿನವನಿಗೆ ಕೊಡಬೇಕು, ಹಳೆಯ ಚೀಟಿ ಸುಡಬೇಕು. ಕೊನೆಯ ಚೀಟಿ ಮೊದಲನೆಯವನಿಗೆ ಬಂದಾಗ ಅವನು ತಾನು ನೆನೆದಿದ್ದ ದೊಡ್ಡ ಸಂಖ್ಯೆಯನ್ನು ಕಳೆದರೆ ಉಳಿಯುವುದು ಏಳೂ ಜನರ ಒಟ್ಟು. ಯಾರದು ಎಷ್ಟು ಎಂದು ಯಾರಿಗೂ ತಿಳಿಯುವುದಿಲ್ಲ. ಸರಾಸರಿ ಮಾತ್ರ ಸಿಗುತ್ತದೆ. ಅದನ್ನು ಹೆಸರಿಲ್ಲದೆ ಮಾಲೀಕರ ಮುಂದೆ ಇಡಬಹುದು.

ಯಾರ ಪಕ್ಕ ಯಾರು ಎಂಬುದನ್ನು ಚೀಟಿ ಎತ್ತಿ ಗೊತ್ತು ಮಾಡೋಣ ಎಂದೆ. ಬಂಗಾರಪ್ಪನವರು ಒಪ್ಪಲಿಲ್ಲ.

"ಅದೆಲ್ಲ ಬೇಡಿ ಮೇಡಂ. ನಾನು ನಮ್ ಹುಡುಗ್ರ ಮಧ್ಯ ಕೂರ್ತೀನಿ. ಇವನು ಈ ಕಡೆ, ಅವನು ಆ ಕಡೆ. ಹಂಗಿದ್ರೆ ನಾನು ಆಡ್ತೀನಿ, ಇಲ್ಲಾಂದ್ರೆ ನನ್ ಬಿಟ್ಬಿಡಿ."

"ಬಂಗಾರಣ್ಣ ಇಲ್ದೆ ನಾವು ಕೂರಲ್ಲ," ಎಂದ ಆನಂದ್. ಎಷ್ಟು ಪ್ರೀತಿ ನೋಡಿ.

ನಾನು ಒಪ್ಪಿಕೊಂಡೆ. ಷಡ್ಡಕನಿಂದ ಶುರು, ಅವನ ನಂತರ ಆನಂದ್, ಆಮೇಲೆ ಬಂಗಾರಪ್ಪನವರು, ಆಮೇಲೆ ಪ್ರಕಾಶ್, ಮುಂದೆ ಉಳಿದ ಮೂವರು. ಚೀಟಿ ಕೈಯಲ್ಲಿ ಹಿಡಿದ ಮೇಲೂ ಬಂಗಾರಪ್ಪನವರಿಗೆ ಅನುಮಾನ.

"ಪಕ್ಕದೋನಿಗೆ ಏನೂ ಗೊತ್ತಾಗಲ್ವಾ ಮೇಡಂ?"

"ಇಲ್ಲ ಬಂಗಾರಪ್ಪನವರೇ. ಚೀಟಿಯ ಸಂಖ್ಯೆಯನ್ನ ಬಜಾರಲ್ಲಿ ನಿಂತು ಕೂಗಿದ್ರೂ ಯಾರಿಗೂ ಏನೂ ಗೊತ್ತಾಗಲ್ಲ," ಎಂದೆ.

ಹತ್ತು ನಿಮಿಷದಲ್ಲಿ ಮುಗಿಯಿತು. ಷಡ್ಡಕ ಬೆರಳೆಣಿಸಿ ಕಳೆದು, ನಾನೂರ ನಲವತ್ತೊಂದು ಎಂದ. ಏಳರಿಂದ ಭಾಗಿಸಿದರೆ ಅರವತ್ತಮೂರು. ನೂರಿರಬೇಕಾದ ಕಡೆ ಅರವತ್ತಮೂರು. ಡಾಕ್ಟರ್ ಸುಘೋಷ ತಲೆ ಆಡಿಸಿದರು. ಜಗಲಿಯ ಮೇಲೆ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತನ್ನೊಬ್ಬನದೇ ಕೆಟ್ಟಿದೆ ಎಂದು ಒಬ್ಬೊಬ್ಬನೂ ಒಳಗೊಳಗೇ ಹೆದರಿದ್ದ ಎಂದು ಕಾಣುತ್ತದೆ.

ಡಾಕ್ಟರ ಸಹಿಯೊಂದಿಗೆ ಆ ಒಂದು ಅಂಕಿ ಮಾಲೀಕರಿಗೆ ಹೋಯಿತು. ಕಾರ್ಖಾನೆ ಇಲಾಖೆಗೂ ಒಂದು ಪ್ರತಿ. ಈ ಸಲ ಮಾಲೀಕರು ಹೆಸರು ಕೇಳಲಿಲ್ಲ. ಕೇಳುವ ಹಾಗೂ ಇರಲಿಲ್ಲ. ಎರಡೂವರೆ ತಿಂಗಳಲ್ಲಿ ಧೂಳು ಎಳೆಯುವ ದೊಡ್ಡ ಫ್ಯಾನು, ಮೇಲೊಂದು ತಗಡಿನ ಕೊಳವೆ ಬಂದವು. ಬಂಗಾರಪ್ಪನವರು ಕವನಳ ಕೈಯಲ್ಲಿ ನನಗೆ ಒಂದು ಡಬ್ಬಿ ಹೋಳಿಗೆ ಕಳಿಸಿದರು. ನಾನು ಇದನ್ನೆಲ್ಲ ಬರೆದು ಮೈಸೂರಿನ ಒಂದು ವಿಚಾರ ಸಂಕಿರಣದಲ್ಲಿ ಓದಿದೆ. 'ಭಾಗವಹಿಸಿದವರ ಸಂಪೂರ್ಣ ವಿಶ್ವಾಸ ಗಳಿಸಲಾಯಿತು' ಎಂಬ ಸಾಲು ಅದರಲ್ಲಿದೆ. ಚಪ್ಪಾಳೆ ಬಿತ್ತು. ಹೋಳಿಗೆ ತಿಂದು, ಚಪ್ಪಾಳೆ ತಿಂದು, ನಾನು ಉಬ್ಬಿಹೋಗಿದ್ದೆ.

ಫ್ಯಾನಿನ ಜೊತೆ ಮಾಲೀಕರು ಹೊಸ ಗ್ರೈಂಡಿಂಗ್ ಮಷೀನನ್ನೂ ತರಿಸಿದ್ದರು. ಅದು ಬಂದ ಮೇಲೆ ಏಳು ಜನರ ಕೆಲಸಕ್ಕೆ ಆರು ಜನ ಸಾಕಾಯಿತು. ಕೊನೆಗೆ ಸೇರಿದವನನ್ನು ತೆಗೆಯುವುದು ವಾಡಿಕೆ. ಕೊನೆಗೆ ಸೇರಿದವನು ಪ್ರಕಾಶ್.

ಜೂನ್ ಮೊದಲ ವಾರ, ಒಂದು ಸೋಮವಾರ ಬೆಳಿಗ್ಗೆ ಬಂಗಾರಪ್ಪನವರು ಬುತ್ತಿ ಹಿಡಿದು ಗೇಟಿಗೆ ಹೋದರೆ ಷಡಕ್ಷರಪ್ಪನವರು ಅಲ್ಲೇ ನಿಂತಿದ್ದರು.

"ಬಂಗಾರಪ್ಪ, ನೀನಿನ್ನು ಮನೇಲಿ ಸುಧಾರಿಸ್ಕೊ ಮಾರಾಯ. ಮೂವತ್ತೆಂಟು ಅಂದ್ರೆ ಆಟ ಅಲ್ಲ. ಒಳಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ ತಲೇಗ್ ಬರುತ್ತೆ."

ಮೂವತ್ತೆಂಟು. ಹೆಂಡತಿಗೆ ಹೇಳದ, ಮಗಳಿಗೆ ಹೇಳದ, ಬಾಯಲ್ಲಿ ಅಗಿದು ಉಗಿದ ಅಂಕಿಯನ್ನು ಷಡಕ್ಷರಪ್ಪ ಗೇಟಿನಲ್ಲಿ ನಿಂತು ಹೇಳುತ್ತಿದ್ದರು. ಬಂಗಾರಪ್ಪನವರು ಒಳಗೆ ಹೋಗುತ್ತಿದ್ದ ಆನಂದನನ್ನು ಕೂಗಿ, ಬುತ್ತಿ ಅವನ ಕೈಗೆ ಕೊಟ್ಟು, 'ನೀನು ಪ್ರಕಾಶ ತಿನ್ರೋ, ನಂಗೆ ಶಿವಮೊಗ್ಗದಲ್ಲಿ ಕೆಲ್ಸ ಇದೆ' ಎಂದರಂತೆ. ಆನಂದ್ ಅದನ್ನು ತೆಗೆದುಕೊಂಡ. ಬೇಡ ಎನ್ನುವಷ್ಟು ನಾಚಿಕೆಯೂ ಅವನಿಗೆ ಇರಲಿಲ್ಲ.

ಬಂಗಾರಪ್ಪನವರು ಶಿವಮೊಗ್ಗದ ಆಲ್ಕೊಳದಲ್ಲಿರುವ ನನ್ನ ಮನೆಗೆ ಬಂದಾಗ ಹತ್ತು ಗಂಟೆ. ನನಗೆ ಅವತ್ತು ಮಧ್ಯಾಹ್ನದ ತರಗತಿ. ಅವರು ಗೇಟಿನ ಹೊರಗೇ ನಿಂತರು, ಎಷ್ಟು ಕರೆದರೂ ಒಳಗೆ ಬರಲಿಲ್ಲ. ಸರ್ಕಲ್ಲಿನಿಂದ ನಡೆದು ಬಂದಿದ್ದಕ್ಕೇ ಏದುಸಿರು. ಗೇಟಿನ ಕಂಬ ಹಿಡಿದು ಉಸಿರು ಸರಿಯಾಗುವ ತನಕ ಕಾದು ಕೇಳಿದರು.

"ನೀವು ಹೇಳಿದ್ರಾ, ಡಾಕ್ಟ್ರು ಹೇಳಿದ್ರಾ? ಅದೊಂದು ಹೇಳ್ಬಿಡಿ ಮೇಡಂ, ಹೋಗ್ತೀನಿ."

"ಏನನ್ನ ಹೇಳಿದ್ದು?"

"ನನ್ ಮೂವತ್ತೆಂಟು."

ಅವರ ಅಂಕಿ ನನಗೆ ತಿಳಿದದ್ದು ಆ ಕ್ಷಣ, ಅವರ ಬಾಯಿಂದಲೇ. ಗೇಟಿನಲ್ಲಿ ಆದದ್ದನ್ನೆಲ್ಲ ಹೇಳಿಸಿಕೊಂಡೆ. ಯಾರು ಎಂದು ನನಗೆ ಆಗಲೇ ಗೊತ್ತಾಗಿತ್ತು. ಕಾಗದ ಪೆನ್ನು ತಂದು ಗೇಟಿನ ಮೆಟ್ಟಿಲ ಮೇಲೆ ಅವರನ್ನು ಕೂರಿಸಿದೆ.

"ಆನಂದ್ ನಿಮಗೆ ಕೊಟ್ಟ ಚೀಟಿಯಲ್ಲಿ ಎಷ್ಟಿತ್ತು, ನೆನಪಿದೆಯಾ?"

"ಐದು ಸಾವಿರದ ನಾನೂರ ಇಪ್ಪತ್ತು." ಯೋಚಿಸಲೂ ಇಲ್ಲ. ಐದು ತಿಂಗಳಾಗಿತ್ತು.

"ನೀವು ಪ್ರಕಾಶನಿಗೆ ಕೊಟ್ಟಿದ್ದು?"

"ಐದು ಸಾವಿರದ ನಾನೂರ ಐವತ್ತೆಂಟು. ಯಾಕೆ?"

ಒಂದರ ಕೆಳಗೆ ಒಂದು ಬರೆದು ಕಳೆದು ತೋರಿಸಿದೆ. ನಿಮಗೆ ಕೊಟ್ಟದ್ದು ಆನಂದನಿಗೆ ಗೊತ್ತು, ನೀವು ಕೊಟ್ಟದ್ದು ಪ್ರಕಾಶನಿಗೆ ಗೊತ್ತು. ಇಬ್ಬರೂ ಸೇರಿ ಕಳೆದರೆ ನಡುವೆ ಕೂತವರದು ಸಿಕ್ಕಿಬಿಡುತ್ತದೆ ಎಂದು ವಿವರಿಸಿದೆ. ಅವರು ಕಾಗದವನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಮೊದಲನೆಯವನು ನೆನೆದ ದೊಡ್ಡ ಸಂಖ್ಯೆ ಎಷ್ಟೆಂದು ಗೊತ್ತಿರಬೇಕಲ್ಲವೇ ಎಂದು ಕೇಳಿದರು. ಬೇಕಾಗಿಲ್ಲ, ಕಳೆಯುವಾಗ ಅದು ತಾನಾಗಿ ಹೋಗುತ್ತದೆ ಎಂದೆ.

"ಇಷ್ಟೇನಾ?" ಎಂದರು.

"ಇಷ್ಟೇ."

"ಅಲ್ಲ, ಅವ್ರು ಹಂಗೆ ಮಾಡಲ್ಲ ಮೇಡಂ. ಬೇರೆ ಏನೋ ಆಗಿರುತ್ತೆ. ಇನ್ನೊಂದ್ಸಲ ನೋಡಿ."

ಇನ್ನೊಂದು ಸಲ ಕಳೆದೆ. ಅವರಿಗಾಗಿ ಮೂರನೇ ಸಲವೂ ಕಳೆದೆ. ಮೂವತ್ತೆಂಟೇ ಬಂತು. ಬಂಗಾರಪ್ಪನವರು ಮೆಟ್ಟಿಲ ಮೇಲೆ ಕೂತು ಅತ್ತರು. ಐವತ್ತು ದಾಟಿದ ಗಂಡಸು ಹಾಗೆ ಅತ್ತದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಮಧ್ಯೆ ಕೆಮ್ಮು ಬಂತು. ಅವರು ಮರೆಗೆ ಹೋಗಲಿಲ್ಲ, ನನ್ನೆದುರೇ ಕೆಮ್ಮಿದರು.

ನನಗೆ ಬಂದ ಸಿಟ್ಟಿಗೆ ಕಾಲೇಜಿಗೆ ರಜೆ ಹೇಳಿ ಅವರ ಜೊತೆ ಭದ್ರಾವತಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನಾನೇ ಮಾತಾಡಿದೆ. ನಂಬಿದವರ ಕತ್ತು ಕುಯ್ಯುವುದೆಂದರೆ ಇದು, ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದು, ಅವರನ್ನು ಸುಮ್ಮನೆ ಬಿಡಬಾರದು ಎಂದೆಲ್ಲ. ಬಂಗಾರಪ್ಪನವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಒಂದೇ ಒಂದು ಸಲ ನನ್ನ ಕಡೆ ತಿರುಗಿ, "ಆನಂದನ ತಂಗಿ ಬಸುರಿ ಮೇಡಂ, ಅಣ್ಣನ ಮನೇಲೇ ಇದ್ದಾಳೆ, ಅಲ್ಲಿ ಜೋರಾಗಿ ಮಾತಾಡ್ಬೇಡಿ," ಎಂದರು.

ಅವರ ಮನೆಯಲ್ಲೇ ಕಾದು, ಶಿಫ್ಟ್ ಮುಗಿಯುವ ಹೊತ್ತಿಗೆ ಆನಂದನ ಮನೆಗೆ ಹೋದೆವು. ಎರಡು ಬೀದಿ ಆಚೆ. ಆನಂದ್ ಆಗತಾನೆ ಕೈಕಾಲು ತೊಳೆದು ಬಂದಿದ್ದ. ಬಂಗಾರಪ್ಪನವರ ಬುತ್ತಿ ಡಬ್ಬಿ ತೊಳೆದು ಕಟ್ಟೆಯ ಮೇಲೆ ಕವುಚಿ ಇಟ್ಟಿತ್ತು. ನಮ್ಮಿಬ್ಬರನ್ನೂ ನೋಡಿ ಅವನ ಮುಖ ಇಳಿಯಿತು. ಹೆಂಡತಿಗೆ ಟೀ ಮಾಡಲು ಹೇಳಿದ. ಟೀ ಬೇಡ ಎಂದೆ. ಬಂಗಾರಪ್ಪನವರು ಜಗಲಿಯ ಮೇಲೆ ಕೂತರು, ನಾನು ನಿಂತೇ ಇದ್ದೆ.

"ಐದು ಸಾವಿರದ ನಾನೂರ ಇಪ್ಪತ್ತು. ಯಾರಿಗೆ ಹೇಳ್ದೆ ನೀನು?" ಎಂದು ಕೇಳಿದೆ.

ಅವನು ಏನೂ ಗೊತ್ತಿಲ್ಲ ಎಂದ. ಆಮೇಲೆ ಚೀಟಿ ಅವತ್ತೇ ಸುಟ್ಟೆ ಎಂದ. ಆಮೇಲೆ ಬಂಗಾರಪ್ಪನವರ ಕಡೆ ನೋಡಿ ನೆಲ ನೋಡಿದ.

"ಪ್ರಕಾಶನ್ನ ತೆಗೀತೀನಿ ಅಂದ್ರು ಬಂಗಾರಣ್ಣ. ಮನೇಲಿ ತಂಗಿ ದಿನಾ ಅಳೋದು. ಷಡಕ್ಷರಪ್ಪೋರು ಅಂದ್ರು, ಯಾರಿಗೆ ಉಸಿರು ಭಾಳ ಕೆಟ್ಟಿದೆ ಹೇಳಿ, ಅವರನ್ನ ತೆಗೀತೀನಿ, ಇಲ್ಲಾಂದ್ರೆ ಇವನೇ ಅಂತ. ಟೀ ಅಂಗಡೀಲಿ ಕೂತಾಗ ಪ್ರಕಾಶ ಅವನ ಕೈಗೆ ಬಂದ ಚೀಟಿ ನಂಬರ್ ಹೇಳ್ದ. ನಾನು ಬರ್ದು ಕೊಟ್ಟಿದ್ದು ಹೇಳ್ದೆ. ಅಷ್ಟೇ ಆಗಿದ್ದು."

"ಅಷ್ಟೇನಾ?" ನಾನು ಕೂಗಾಡಿದೆ. ಬಂಗಾರಪ್ಪನವರು ಬಸ್ಸಿನಲ್ಲಿ ಹೇಳಿದ್ದು ನೆನಪಿದ್ದರೂ ಕೂಗಾಡಿದೆ. ಕೆಲಸ ಕಲಿಸಿದವರು, ತಂಗಿಯ ಮದುವೆ ಮಾಡಿಸಿದವರು, ಎಡಬಲದಲ್ಲಿ ನೀವೇ ಇರಬೇಕೆಂದು ಹಟ ಹಿಡಿದು ಕೂತವರು, ಅಂಥವರಿಗೆ ಮೋಸ ಮಾಡಿದೆಯಲ್ಲ, ಪಿಂಚಣಿಗೆ ಇನ್ನೆಷ್ಟು ದಿನ ಉಳಿದಿತ್ತು ಎಂದು ನಿನಗೆ ಗೊತ್ತಿರಲಿಲ್ಲವೇ ಎಂದೆ. ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬಂದರು. ಆನಂದ್ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ತಲೆ ಎತ್ತಿದ.

"ನಾನು ಮಾಡಿದ್ದು ತಪ್ಪೇ. ಬಂಗಾರಣ್ಣ ಚಪ್ಪಲೀಲಿ ಹೊಡೀಲಿ, ಹೊಡೆಸ್ಕೊತೀನಿ. ನೀವು ಬೈಬೇಡಿ ಮೇಡಂ. ಬಜಾರಲ್ಲಿ ಕೂಗಿದ್ರೂ ಏನೂ ಗೊತ್ತಾಗಲ್ಲ ಅಂದೋರು ನೀವು. ನಾನು ನನ್ ತಂಗಿ ಗಂಡಂಗೆ ಒಬ್ಬಂಗೆ ಹೇಳ್ದೆ, ಗೊತ್ತಾಗ್ಬಿಡ್ತು. ನಾನು ಏಳನೇ ಕ್ಲಾಸು. ನಂಗೆ ಕಳೆಯಕ್ಕೆ ಬರುತ್ತೆ. ನಿಮಗೆ ಬರ್ತಿರ್ಲಿಲ್ವಾ?"

ಬಂಗಾರಪ್ಪನವರು ನಿಧಾನವಾಗಿ ನನ್ನ ಕಡೆ ತಿರುಗಿದರು. ಬೆಳಿಗ್ಗೆ ನನ್ನ ಮೆಟ್ಟಿಲ ಮೇಲೆ ಕೂತು ಆ ಕಾಗದ ನೋಡಿದ ಹಾಗೆಯೇ, ಹತ್ತಿರದಿಂದ, ನನ್ನ ಮುಖ ನೋಡಿದರು.

"ನಿಮಗೆ ಮೊದ್ಲೇ ಗೊತ್ತಿತ್ತಾ ಮೇಡಂ? ಎರಡೂ ಕಡೆಯೋರು ಸೇರ್ಕೊಂಡ್ರೆ ಸಿಗುತ್ತೆ ಅಂತ?"

ಗೊತ್ತಿತ್ತು. ಅದು ಆ ವಿಧಾನದ ಮೊದಲ ಪಾಠದಲ್ಲೇ ಇದೆ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯಾಗಿ ನಾನೇ ಕೇಳುತ್ತೇನೆ. ಅದಕ್ಕೇ ಅಲ್ಲವೇ ಜಾಗಕ್ಕೆ ಚೀಟಿ ಎತ್ತೋಣ ಎಂದದ್ದು. ಮಾತು ಬಿಟ್ಟ ಆ ಇಬ್ಬರ ನಡುವೆ ಇವರನ್ನು ಕೂರಿಸಿದ್ದರೆ ಯಾವ ಭಯವೂ ಇರಲಿಲ್ಲ. ಇವರು ತಮ್ಮವರ ನಡುವೆ ಕೂರುತ್ತೇನೆ ಎಂದಾಗ, ಬೇಡ, ಈ ಆಟದಲ್ಲಿ ತಮ್ಮವರೇ ಅಪಾಯ ಎಂದು ನಾನು ಬಿಡಿಸಿ ಹೇಳಬೇಕಿತ್ತು. ಹೇಳಿದ್ದರೆ ಏಳೂ ಜನ ಅನುಮಾನಪಟ್ಟು ಎದ್ದುಹೋಗುತ್ತಾರೆ ಎಂದು ಹೆದರಿ, ಬಜಾರಿನ ಸುಳ್ಳು ಹೇಳಿದೆ. ಬೆಳಿಗ್ಗೆ ಇವರು ಅಳುತ್ತ ಕೂತಾಗಲೂ ನನ್ನ ಪಾಲನ್ನು ನುಂಗಿಕೊಂಡು, ಬಸ್ಸಿನಲ್ಲಿ ಒಂದು ಗಂಟೆ ಆನಂದನನ್ನು ಬೈದೆ.

"ಗೊತ್ತಿತ್ತು," ಎಂದೆ.

"ಬೇರೆ ದಾರಿ ಇರ್ಲಿಲ್ವಾ?"

ಇತ್ತು. ಏಳು ಜನರೂ ತಂತಮ್ಮ ಅಂಕಿಯನ್ನು ಮನಸ್ಸಿಗೆ ಬಂದ ಹಾಗೆ ಏಳು ಪಾಲು ಮಾಡಿ, ಒಂದೊಂದು ಪಾಲನ್ನು ಒಬ್ಬೊಬ್ಬರಿಗೆ ಕೊಡಬೇಕು. ತಮ್ಮ ಕೈಗೆ ಬಂದ ಪಾಲುಗಳನ್ನು ಕೂಡಿ ಆ ಮೊತ್ತವನ್ನಷ್ಟೇ ಎಲ್ಲರೆದುರು ಹೇಳಬೇಕು. ಆಗ ಇಬ್ಬರಲ್ಲ, ಉಳಿದ ಆರೂ ಜನ ಒಂದಾದರೆ ಮಾತ್ರ ಒಬ್ಬನದು ಬಯಲಾಗುತ್ತದೆ. ಷಡ್ಡಕನೂ, ಮಾತು ಬಿಟ್ಟವರೂ ಸೇರಿ ಆರು ಜನ ಒಂದಾಗುವುದು ಆ ಫೌಂಡ್ರಿಯಲ್ಲಿ ಸಾಧ್ಯವೇ ಇರಲಿಲ್ಲ. ಇದನ್ನು ಅವರಿಗೆ ಹೇಳಿದೆ, ತಡವರಿಸುತ್ತ ಹೇಳಿದೆ.

"ಮತ್ಯಾಕೆ ಅದನ್ನ ಮಾಡ್ಲಿಲ್ಲ?"

"ನಲವತ್ತೊಂಬತ್ತು ಚೀಟಿ ಆಗ್ತಿತ್ತು ಬಂಗಾರಪ್ಪನವರೇ. ಎಲ್ಲರಿಗೂ ಹೇಳಿಕೊಟ್ಟು ಮಾಡಿಸೋಕೆ ಇನ್ನೊಂದು ಗಂಟೆ ಬೇಕಿತ್ತು. ನೀವೆಲ್ಲ ದಣಿದಿರ್ತೀರಿ, ಅಷ್ಟು ಹೊತ್ತು ಕೂರಲ್ಲ ಅಂದ್ಕೊಂಡೆ."

ಅವರು ಸಿಟ್ಟಾಗಲಿಲ್ಲ. ಆನಂದನ ಕಡೆ ಒಮ್ಮೆ ನೋಡಿದರು. ಅವನು ಗೋಡೆಗೆ ಒರಗಿ ನಿಂತಿದ್ದ. ಆಮೇಲೆ ಕಟ್ಟೆಯ ಮೇಲಿದ್ದ ಡಬ್ಬಿ ತೆಗೆದುಕೊಂಡು, ಮಂಡಿ ಹಿಡಿದು ಎದ್ದರು.

"ಒಂದು ಗಂಟೆ ತಾನೇ ಮೇಡಂ," ಎಂದರು. "ಕೂರ್ತಿದ್ವಲ್ಲ. ಅವತ್ತು ಭಾನುವಾರ, ನಮ್ಗೇನೂ ಕೆಲ್ಸ ಇರ್ಲಿಲ್ಲ."